ಸ್ಟ್ರೀಟ್ಸ್‌ವಿಲ್‌ನ ಗೋಡೆ ಫೋಟೋ

ಸಹನಾ, ಚನ್ನು, ನಾನು ಕೆನಡಾದಿಂದ ಬಂದ ದಿನ ನೀವಿಬ್ಬರೂ ನನ್ನ ಚೀಲ ಬಿಚ್ಚಿ ಚಾಕಲೇಟು ಹುಡುಕಿದಿರಿ. ಅದರ ಕೆಳಗೆ ತೊಗಲಿನ ಹೊದಿಕೆಯಲ್ಲಿದ್ದ ಹಳೆಯ ಕ್ಯಾಮೆರಾ ಸಿಕ್ಕಿತು. “ಇದಕ್ಕ ಸ್ಕ್ರೀನ್ ಎಲ್ಲೈತಿ ಅಜ್ಜಿ?” ಎಂದು ಚನ್ನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅಲ್ಲಿ ಏನೇನು ನೋಡಿದೆ ಎಂದು ನೀವು ಕೇಳಿದಾಗ “ಗಿಡದ ಎಲಿ ಕೆಂಪಗಿದ್ವು” ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋದೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಕೈಯಲ್ಲಿ ಉಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಈಗ ನಿಮ್ಮ ಸೈಕಲ್ಲು ನಿಲ್ಲುವ ಮುಂದಿನ ಕೋಣೆ ಒಂದು ಕಾಲಕ್ಕೆ ನಿಮ್ಮಜ್ಜನ ಫೋಟೋ ಸ್ಟುಡಿಯೋ ಆಗಿತ್ತು. ಗಜೇಂದ್ರಗಡದ ಸುತ್ತಿನ ಹಳ್ಳಿಗಳವರೆಲ್ಲ ಅಲ್ಲಿಗೇ ಬರುತ್ತಿದ್ದರು. ಗಂಡಿನ ಕಡೆಯವರಿಗೆ ತೋರಿಸಲು ಹುಡುಗಿಯರ ಫೋಟೋ ತೆಗೆಸುತ್ತಿದ್ದರು. ಮನೆಯ ಹಿರಿಯರು ಹಾಸಿಗೆ ಹಿಡಿಯುವ ಲಕ್ಷಣ ಕಂಡರೆ ಮಕ್ಕಳು ಅವರಿಗೆ ತಲೆಗೆ ಹೊಸ ಪಟಗ ಸುತ್ತಿಸಿ ಕರೆತರುತ್ತಿದ್ದರು. ಅದಕ್ಕೆ ‘ಗ್ವಾಡಿ ಫೋಟೋ’ ಎನ್ನುತ್ತಿದ್ದರು. ಮುಂದೆ ಗೋಡೆಗೆ ಏರಿ ಹಾರ ಹಾಕಿಸಿಕೊಳ್ಳುವ ಫೋಟೋ ಅದು ಎಂದು ಕೂತವರಿಗೂ ಗೊತ್ತಿರುತ್ತಿತ್ತು. ಹಾಗೆ ತೆಗೆಸದೆ ತೀರಿಕೊಂಡವರಿದ್ದರೆ, ಹೆಣವನ್ನು ಕೂಡಿಸಿ ಫೋಟೋ ತೆಗೆಯಲು ಅಜ್ಜನನ್ನು ಕರೆಯುತ್ತಿದ್ದರು. ಅಂಥ ದಿನ ಅವರು ಬಂದು ಸ್ನಾನ ಮಾಡಿ, ಉಣ್ಣದೆ ಕೂಡುತ್ತಿದ್ದರು. “ಕಣ್ಣ ತೆರದಿದ್ದಾಗ ತಗಸಬೇಕು. ಕಣ್ಣಿಲ್ಲದ ಫೋಟೋ ಎದಕ್ಕ?” ಎನ್ನುತ್ತಿದ್ದರು.

ನಾಚಿ ನೆಲ ನೋಡುವ ಹುಡುಗಿಯರಿಗೆ ಅವರದೊಂದು ಉಪಾಯವಿತ್ತು. “ಬೋರಮಾಳ ಕಾಣವಲ್ದು ನೋಡ್ರಿ ತಂಗಿ, ಮುಖಾ ಎತ್ರಿ” ಎನ್ನುವರು. ಕೊರಳಿನ ಬಂಗಾರದ ಗುಂಡಿನ ಸರ ಕಾಣಬೇಕಲ್ಲ, ಹುಡುಗಿ ಗದ್ದ ಎತ್ತುತ್ತಿದ್ದಳು. ಅಷ್ಟರಲ್ಲಿ ಫೋಟೋ ಆಗಿರುತ್ತಿತ್ತು. ನನ್ನ ಮೇಲೆ ಮಾತ್ರ ಆ ಉಪಾಯ ಎಂದೂ ನಡೆಯಲಿಲ್ಲ. ನಮ್ಮ ಮನೆಯ ಎಲ್ಲ ಫೋಟೋಗಳಲ್ಲಿ ನಾನು ನೆಲದಲ್ಲಿ ಬಿದ್ದ ಸೂಜಿ ಹುಡುಕುವವಳ ಹಾಗೆ ಇದ್ದೇನೆ.

ಕ್ಯಾಮೆರಾದ ಮುಂದೆ ನಿಲ್ಲಲಾರದ ನಾನು ಕತ್ತಲೆಕೋಣೆಯಲ್ಲಿ ಧೈರ್ಯವಂತಳಾಗಿದ್ದೆ. ರೋಲು ತೊಳೆಯುವುದು ನನ್ನ ಕೆಲಸವಾಗಿತ್ತು. ರೋಲಿನಲ್ಲಿದ್ದ ಚಿತ್ರ ಹೊರಗೆ ಬರಿಸುವುದಕ್ಕೆ ನಮ್ಮ ಕಡೆ ತೊಳೆಯುವುದು ಎಂದೇ ಅನ್ನುವುದು. ಪೂರಾ ಕತ್ತಲೆಯಲ್ಲಿ ರೋಲು ಬಿಚ್ಚಿ, ಒಂದು ಔಷಧದಲ್ಲಿ ಅದ್ದಿ, ಇನ್ನೊಂದರಲ್ಲಿ ಅದ್ದಿ, ಕಡೆಗೆ ನೀರಲ್ಲಿ ಬಿಟ್ಟು, ಹಗ್ಗಕ್ಕೆ ಒಣಹಾಕಬೇಕು. ತೊಳೆಯುವುದು ಎಂಬ ಈ ಒಂದು ಮಾತು ನೆನಪಿಡಿರಿ. ಮುಂದೆ ಇದರಿಂದಲೇ ಎಲ್ಲ ಆಯಿತು.

ಅಜ್ಜನ ಹತ್ತಿರ ಎರಡು ಕ್ಯಾಮೆರಾ ಇದ್ದವು. ಅವರ ತಮ್ಮ ಶಂಕ್ರಪ್ಪ ಕೆನಡಾದ ಬ್ರೆಡ್ ಕಾರ್ಖಾನೆಯೊಂದಕ್ಕೆ ಯಂತ್ರ ರಿಪೇರಿ ಕೆಲಸಕ್ಕೆ ಹೊರಟಾಗ, “ನಾಡು ಬಿಡಾಂವನ್ನ ಬರೇ ಕೈಲೆ ಕಳಸಬಾರದು” ಎಂದು ಎರಡರಲ್ಲಿ ಚೊಲೋದನ್ನು ಕೊಟ್ಟುಬಿಟ್ಟರು. ಅಜ್ಜ ತೀರಿಕೊಂಡರು. ಆಮೇಲೆ ಶಂಕ್ರಪ್ಪನೂ ಅಲ್ಲಿಯೇ ತೀರಿಕೊಂಡ. ಒಂದು ದಿನ ಅವನ ಹೆಂಡತಿ, ನನ್ನ ನೆಗೆಣ್ಣಿ ಗಂಗಾ, ಫೋನು ಮಾಡಿದಳು.

“ಅಕ್ಕಾರ, ನಿಮ್ಮ ಆಸ್ತಿ ನಮ್ಮನ್ಯಾಗ ಉಳದೈತ್ರಿ. ಬಂದು ಒಯ್ರಿ.”

“ನಂದ್ಯಾವ ಆಸ್ತಿ ಅಲ್ಲಿ?”

“ಕ್ಯಾಮೆರಾ. ‘ಇದು ವೈನಿದು, ವೈನಿಗೇ ಮುಟ್ಟಬೇಕು’ ಅಂತ ಹೇಳಿ ಹೋಗ್ಯಾರ ಅವರು.” ಶಂಕ್ರಪ್ಪ ಅತ್ತಿಗೆಯಾದ ನನ್ನನ್ನು ವೈನಿ ಎನ್ನುತ್ತಿದ್ದ.

“ಪಾರ್ಸಲ್ ಮಾಡವಾ.”

“ಪಾರ್ಸಲ್ ಮಾಡಂಗಿಲ್ಲ. ನೀವ ಬರಬೇಕು.” ಆ ದನಿಯಲ್ಲಿ ಏನೋ ಇತ್ತು. ನಾನು ಹೂಂ ಎಂದೆ.

ಪಿಯರ್ಸನ್ ವಿಮಾನ ನಿಲ್ದಾಣ

ನಾನು ದಾರಿ ತಪ್ಪಬಾರದೆಂದು ನಿಮ್ಮಪ್ಪ ಟಿಕೆಟಿನಲ್ಲಿ ಗಾಲಿಕುರ್ಚಿ ಎಂದು ಬರೆಸಿದ್ದ. ದಿನಾ ಹೊಲದ ತನಕ ನಡೆಯುವವಳನ್ನು ಕೂಡಿಸಿ ತಳ್ಳಿಕೊಂಡು ಹೋದರು. ತಳ್ಳುತ್ತಿದ್ದ ಹೆಂಗಸಿಗೆ ನನಗಿಂತ ಹೆಚ್ಚು ಮೊಣಕಾಲು ನೋವಿದ್ದ ಹಾಗಿತ್ತು, ಕುಂಟುತ್ತಿದ್ದಳು. ಇಳಿದು ಅವಳನ್ನೇ ಕೂಡಿಸೋಣವೆನಿಸಿತು. ಹೇಳುವ ಭಾಷೆ ಇರಲಿಲ್ಲ.

ಅಲ್ಲಿ ಒಂದು ಯಂತ್ರ ಎಲ್ಲರ ಫೋಟೋ ತೆಗೆದು ಚೀಟಿ ಕೊಡುತ್ತದೆ. ನನ್ನ ಸರದಿ ಬಂದಾಗ ಅದು ಕೆಳಗೆ ಮೇಲೆ ಸರಿದು ನನ್ನ ಮುಖ ಹುಡುಕಿತು. ಚೀಟಿ ಬಂದ ಮೇಲೆ ನೋಡಿದರೆ ಸೆರಗು ಮತ್ತು ಬೈತಲೆ ಮಾತ್ರ ಇತ್ತು. ತಳ್ಳುತ್ತಿದ್ದ ಹೆಂಗಸು ನಕ್ಕು ನನ್ನ ಗದ್ದಕ್ಕೆ ಬೆರಳು ಹಚ್ಚಿ ಎತ್ತಿದಳು. ಎರಡನೆಯ ಚೀಟಿಯಲ್ಲಿ ಹಣೆಯ ತನಕ ಬಂದೆ. ತಪಾಸಣೆಯ ಸಾಹೇಬರಿಗೆ ಅಷ್ಟೇ ಸಾಕಾಯಿತು.

ಹೊರಗೆ ಗಂಗಾನ ಮಗಳು ಸವಿತಾ “ದೊಡ್ಡವ್ವಾ” ಎಂದು ಓಡಿ ಬಂದು ತಬ್ಬಿಕೊಂಡಳು. ಜೊತೆಗೆ ಅವಳ ಮಗಳು ಮಾಯಾ, ಹನ್ನೆರಡು ವರ್ಷದವಳು. “ಹಾಯ್ ದೊಡ್ಡಜ್ಜಿ” ಎಂದು ಕೈ ಬೀಸಿ, ಆಮೇಲೆ ಅವ್ವನ ಮುಖ ನೋಡಿ, ಬಗ್ಗಿ ಕಾಲು ಮುಟ್ಟಿದಳು.

ಕಾರಿನಲ್ಲಿ ಗಂಗಾ ಯಾಕೆ ಬರಲಿಲ್ಲ ಎಂದು ಕೇಳಿದೆ. ಸವಿತಾ ರಸ್ತೆಯನ್ನೇ ನೋಡುತ್ತ, “ಅವ್ವ ನಿಮಗ ಹೇಳಿಲ್ಲೇನ್ರಿ?” ಎಂದಳು. ಹೊಟ್ಟೆಯೊಳಗೆ ಗಡ್ಡೆ. ಡಾಕ್ಟರು ಇನ್ನು ಔಷಧ ಬೇಡ ಎಂದಿದ್ದರಂತೆ.

ಸ್ಟ್ರೀಟ್ಸ್‌ವಿಲ್

ದನಿಯಿಂದ ಗಂಗಾನ ಗುರುತು ಹಿಡಿದೆ. ಮೊದಲಿನ ಗಂಗಾ ಒಂದು ತಲೆಬಾಗಿಲು ತುಂಬುತ್ತಿದ್ದಳು. ಈಗ ಸೋಫಾದ ಒಂದು ಮೂಲೆಯಲ್ಲಿ ಕಂಬಳಿ ಮಡಿಚಿಟ್ಟ ಹಾಗೆ ಕೂತಿದ್ದಳು. ಕೂದಲು ಬೆಳ್ಳಗೆ, ಕೊರಳು ಬರಿದು, ನನ್ನದರ ಹಾಗೆಯೇ.

“ಬರ್ರಿ ಅಕ್ಕಾರ. ಅಳಾಕ ಶುರು ಮಾಡಬ್ಯಾಡ್ರಿ. ಮೊದಲ ಚಹಾ ಕುಡೀರಿ, ಆಮ್ಯಾಲ ಇಬ್ಬರೂ ಕೂಡಿ ಅಳೂಣಂತ.”

ಅವರ ಮನೆ ಸ್ಟ್ರೀಟ್ಸ್‌ವಿಲ್‌ನ ಹಳೆಯ ಪೇಟೆಯ ಬೀದಿಗೆ ಹತ್ತಿರ. ಆ ಬೀದಿ ನನಗೆ ಹಿಡಿಸಿತು, ನಮ್ಮ ಪೇಟೆಯಂತೆ ಸಣ್ಣ ಸಣ್ಣ ಅಂಗಡಿ, ಇಟ್ಟಿಗೆಯ ಗೋಡೆ. ಆದರೆ ಸದ್ದಿಲ್ಲ. ಜನ ಮನೆಯಲ್ಲಿ ಬೇಡವಾದ ಕುರ್ಚಿ, ಮೇಜುಗಳನ್ನು ಬಾಗಿಲ ಮುಂದೆ ಇಟ್ಟುಬಿಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ನಾಯಿಯ ಹಿಂದೆ ಚೀಲ ಹಿಡಿದು ನಡೆದು ಅದು ಮಾಡಿದ್ದನ್ನು ಎತ್ತಿಕೊಳ್ಳುತ್ತಾರೆ. “ನಮ್ಮೂರಾಗ ಮಕ್ಕಳದ್ದೂ ಎತ್ತಂಗಿಲ್ಲಲ್ಲ” ಎಂದು ಗಂಗಾ ನಕ್ಕಳು.

ನಡುಮನೆಯ ಗೋಡೆಯ ಮೇಲೆ ಶಂಕ್ರಪ್ಪನ ಫೋಟೋ ಇತ್ತು, ಗಂಧದ ಚಕ್ಕೆಯ ಹಾರ. ನೋಡಿ ನನಗೆ ಕಸಿವಿಸಿಯಾಯಿತು. ಅದು ಶಂಕ್ರಪ್ಪ ಅಲ್ಲ ಅನ್ನುವ ಹಾಗಿತ್ತು. ಸಿಟ್ಟಿಗೆದ್ದ ಯಾರೋ ಗುಮಾಸ್ತನ ಮುಖ.

“ಡ್ರೈವಿಂಗ್ ಲೈಸೆನ್ಸಿಂದು,” ಎಂದಳು ಗಂಗಾ. “ಊರ ಮಂದಿದೆಲ್ಲ ಇವರ ತಗದ್ರು. ಇವರದು ತಗಿಯಾವರು ಯಾರು? ಸತ್ತ ಮ್ಯಾಲ ಹುಡುಕಿದ್ರ ಒಂದೂ ಇಲ್ಲ. ಲೈಸೆನ್ಸಿಂದ ದೊಡ್ಡದು ಮಾಡಿಸಿ ಹಾಕೀವಿ. ನಗಬಾರದಂತ ಅದರಾಗ. ದಿನಾ ಬೆಳಿಗ್ಗೆ ಎದ್ದು ಪೊಲೀಸನ ಮುಂದ ನಿಂತಂಗ ನಿಂದರತೀನಿ ನಾ.”

ಮಾಯಾ ಒಳಗಿನಿಂದ ಕ್ಯಾಮೆರಾ ತಂದು ನನ್ನ ಮಡಿಲಲ್ಲಿ ಇಟ್ಟಳು. ತೊಗಲಿನ ಹೊದಿಕೆಯ ಗುಂಡಿ ಕಿತ್ತುಹೋಗಿದ್ದಾಗ ನಾನೇ ಕರಿಯ ದಾರದಲ್ಲಿ ಹೊಲಿದಿದ್ದೆ. ಆ ಹೊಲಿಗೆ ಹಾಗೇ ಇತ್ತು.

“ಈಗ ಕೇಳ್ರಿ ಅಕ್ಕಾರ,” ಎಂದಳು ಗಂಗಾ. “ನಾನು ಲೈಸೆನ್ಸಿನಾಗ ಗ್ವಾಡಿ ಏರಂಗಿಲ್ಲ. ಕಣ್ಣ ತೆರದದ್ದು, ನಕ್ಕದ್ದು, ಈ ಕ್ಯಾಮೆರಾದಾಗಿಂದ ಬೇಕು. ನೀವ ತಗೀಬೇಕು, ನೀವ ತೊಳೀಬೇಕು. ಅದಕ್ಕ ಕರಸೀನಿ ನಿಮ್ಮನ್ನ.”

“ನಾ ಎಂದೂ ಫೋಟೋ ತಗದಿಲ್ಲಲ್ಲವಾ.”

“ನಾನೂ ಎಂದೂ ಸತ್ತಿಲ್ಲ. ಇಬ್ಬರೂ ಹೊಸಬರ.”

ನಾರ್ತ್ ಯಾರ್ಕ್

ರೋಲು ಮಾರುವ ಅಂಗಡಿ ಹುಡುಕಿಕೊಂಡು ಸವಿತಾಳ ರಜೆಯ ದಿನ ನೆಲದೊಳಗಿನ ರೈಲಿನಲ್ಲಿ ಹೋದೆವು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಶಿಫ್ಟು ಮಾಡುತ್ತಾಳೆ. ಗಂಡ ಲಾರಿ ಓಡಿಸುತ್ತಾನೆ, ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ರೈಲಿನಲ್ಲಿ ಅಷ್ಟು ಜನ ಇದ್ದರೂ ಒಬ್ಬರೂ ಮಾತಾಡುವುದಿಲ್ಲ. ಗದಗಿನ ಬಸ್ಸಿನಲ್ಲಿ ಹತ್ತು ನಿಮಿಷದಲ್ಲಿ ಪಕ್ಕದವರ ಮಗಳನ್ನು ಎಲ್ಲಿಗೆ ಕೊಟ್ಟಿದೆ ಎಂದು ತಿಳಿದಿರುತ್ತದೆ. ಇಲ್ಲಿ ನಾನು ಒಬ್ಬನ ಕಾಲು ತುಳಿದೆ, ಅವನೇ “ಸಾರಿ” ಎಂದ. ನನ್ನಂಥ ನಾಚಿಕೆಯವರೇ ಸೇರಿ ಕಟ್ಟಿದ ಊರು ಇದು ಅನ್ನಿಸಿತು.

ಅಂಗಡಿಯಲ್ಲಿ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಯುವಕನಿದ್ದ. ಕ್ಯಾಮೆರಾ ನೋಡಿ, ಮುಟ್ಟಲೇ ಎಂದು ಸನ್ನೆಯಲ್ಲಿ ಕೇಳಿದ. ಕೂಸನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡ. ಬೆಳಕು ಅಳೆಯುವ ಮುಳ್ಳು ಸತ್ತಿದೆ, ಉಳಿದದ್ದೆಲ್ಲ ಸರಿಯಿದೆ ಎಂದನಂತೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದ.

ಕ್ಲಕ್ ಎಂದಿತು.

ಮಕ್ಕಳೇ, ಆ ಸದ್ದು ನಮ್ಮ ಮುಂದಿನ ಕೋಣೆಯದು. ನಾನು ಒಳಗೆ ರೊಟ್ಟಿ ಬಡಿಯುತ್ತಿರುವಾಗ ಗೋಡೆಯ ಆಚೆಯಿಂದ ಅದು ಕೇಳುತ್ತಿತ್ತು. ಕೇಳಿದರೆ ನಿಮ್ಮಜ್ಜ ಇದ್ದಾರೆ ಎಂದು ಅರ್ಥ. ನಾನು ಅಂಗಡಿಯ ಗಾಜಿನ ಕಡೆ ತಿರುಗಿ ನಿಂತೆ. ಯುವಕ ಸವಿತಾಳಿಗೆ “ಏನಾದರೂ ತಪ್ಪು ಮಾಡಿದೆನೇ?” ಎಂದು ಕೇಳಿದನಂತೆ. ಅವಳು ಇಲ್ಲ ಎಂದಳು. ಅವನು ಮತ್ತೆ ಸಾರಿ ಎಂದ. ಕಪ್ಪು-ಬಿಳುಪಿನ ಎರಡು ರೋಲು, ತೊಳೆಯುವ ಔಷಧ ತೆಗೆದುಕೊಂಡು ಬಂದೆವು. ಶಂಕ್ರಪ್ಪ ಬೇಸ್‌ಮೆಂಟಿನಲ್ಲಿ ಕಟ್ಟಿಕೊಂಡಿದ್ದ ಕತ್ತಲೆಕೋಣೆ ಹಾಗೇ ಇತ್ತು.

ಕ್ಲೈನ್‌ಬರ್ಗ್

ಗಂಗಾ ಶಂಕ್ರಪ್ಪನ ಜೊತೆ ಪ್ರತಿ ವರ್ಷ ಎಲೆ ಬಣ್ಣವಾಗುವಾಗ ಕ್ಲೈನ್‌ಬರ್ಗಿಗೆ ಹೋಗುತ್ತಿದ್ದಳಂತೆ. ಅಲ್ಲಿಯೇ ಫೋಟೋ ಆಗಬೇಕೆಂದು ಹಟ ಹಿಡಿದಳು. ಇಳಕಲ್ ಸೀರೆ ಉಟ್ಟು, ಮೇಲೆ ದಪ್ಪ ಕೋಟು ಹಾಕಿಕೊಂಡಳು. ನಾನು “ರೆಡಿ” ಎಂದಾಗ ಕೋಟು ಕಳಚಿ ಮಾಯಾಳ ಕೈಗೆ ಕೊಡುವಳು, ಕ್ಲಕ್ ಎಂದ ಕೂಡಲೇ ಮಾಯಾ ಓಡಿ ಹೊದಿಸುವಳು. ಮರಗಳು ಬೆಂಕಿ ಹತ್ತಿದ ಹಾಗೆ ಇದ್ದವು, ಆದರೆ ಗಾಳಿ ಮಾತ್ರ ಕೊರೆಯುತ್ತಿತ್ತು. ಬೆಂಕಿಯ ಬಣ್ಣದಲ್ಲಿ ಅಷ್ಟು ಚಳಿ ನಾನು ಕಂಡಿರಲಿಲ್ಲ.

ಬೆಳಕು ನನ್ನನ್ನು ಕಾಡಿತು. ನಮ್ಮೂರಲ್ಲಿ ಮಧ್ಯಾಹ್ನ ನೆರಳು ಕಾಲ ಕೆಳಗಿರುತ್ತದೆ. ಅಲ್ಲಿ ನಡುಮಧ್ಯಾಹ್ನಕ್ಕೂ ನೆರಳು ಮಾರುದ್ದ. ಇಡೀ ದಿನ ಸಂಜೆಯೇ. ಅಜ್ಜ ಹೇಳುತ್ತಿದ್ದ ಲೆಕ್ಕವೆಲ್ಲ ನಮ್ಮ ಬಿಸಿಲಿಗೆ. ಇಲ್ಲಿಯ ಬಿಸಿಲಿಗೆ ನಾನೇ ಅಂದಾಜು ಮಾಡಬೇಕಾಯಿತು. ಆದರೆ ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟಾಗ ಒಂದು ಸಂಗತಿ ಗೊತ್ತಾಯಿತು. ಅದರ ಹಿಂದೆ ನಿಂತರೆ ನಾಚಿಕೆ ಇಲ್ಲ. ಯಾರೂ ನಮ್ಮನ್ನು ನೋಡುವುದಿಲ್ಲ, ನಾವು ಎಷ್ಟು ಬೇಕಾದರೂ ನೋಡಬಹುದು. ಗಂಗಾನನ್ನು ನಾನು ಅಷ್ಟು ಹೊತ್ತು, ಅಷ್ಟು ಚೆನ್ನಾಗಿ ಎಂದೂ ನೋಡಿರಲಿಲ್ಲ.

ನಾಯಿ ಹಿಡಿದುಕೊಂಡು ಹೊರಟ ಹೆಂಗಸೊಬ್ಬಳು ನಿಂತು, ಇಬ್ಬರನ್ನೂ ಸೇರಿಸಿ ತಾನು ತೆಗೆಯಲೇ ಎಂದು ಕೇಳಿದಳು. ನಾನು ತಲೆಯಾಡಿಸಿ ಹಿಂದೆ ಸರಿದೆ. ಗಂಗಾ ಕಾರಿನಲ್ಲಿ ಕೂತ ಮೇಲೆ, “ಅಕ್ಕಾರ ಮುಖಾ ಕ್ಯಾಮೆರಾಕ್ಕ ಮಡಿ” ಎಂದು ಕಣ್ಣು ಮುಚ್ಚಿದಳು. ಅವಳಿಗೆ ಜ್ವರ ಏರುತ್ತಿತ್ತು.

ಮನೆಗೆ ಬಂದು, ರೋಲು ಸುತ್ತಿ ಹೊರಗೆ ತೆಗೆದು ಊಟದ ಮೇಜಿನ ಮೇಲೆ ಇಟ್ಟೆ. “ಎಲ್ಲಾ ಚೊಲೋ ಬಂದಾವ ಅನ್ನಸ್ತೈತಿ. ಮುಂಜಾನೆ ಎದ್ದ ಕೂಡ್ಲೆ ಇದನ್ನ ತೊಳದು ಒಣಾ ಹಾಕಬೇಕು” ಎಂದೆ ಗಂಗಾಗೆ. ಮಾಯಾ ಪಕ್ಕದಲ್ಲಿ ಕೂತು ಹಾಲು ಕುಡಿಯುತ್ತಿದ್ದಳು.

ಅಡಿಗೆಮನೆಯ ಸಿಂಕು

ಮರುದಿನ ನಾನು ಸ್ನಾನ, ಪೂಜೆ ಮುಗಿಸಿ ಕೆಳಗೆ ಇಳಿದೆ. ಅಡಿಗೆಮನೆಯ ಕಿಟಕಿಯಲ್ಲಿ ಬಿಸಿಲು ತುಂಬಿತ್ತು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ದಾರ ಕಟ್ಟಿ, ಬಟ್ಟೆಯ ಕ್ಲಿಪ್ಪು ಹಾಕಿ, ಬೂದಿ ಬಣ್ಣದ ಉದ್ದನೆಯ ಪಟ್ಟಿ ತೂಗುಬಿಟ್ಟಿತ್ತು. ನೀರು ತೊಟ್ಟಿಕ್ಕುತ್ತಿತ್ತು. ಮಾಯಾ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಮುಖ ಅರಳಿತ್ತು.

“ದೊಡ್ಡಜ್ಜಿ, ಐ ಡಿಡ್ ಇಟ್ ಫಾರ್ ಯೂ. ತೊಳದೆ! ಸೋಪು ಹಾಕಿ. ವೆರಿ ಜೆಂಟ್ಲಿ.”

ಔಷಧ ಕಾಣುವ ಮೊದಲೇ ಬೆಳಕು ಕಂಡ ರೋಲು ಕುರುಡಾದ ಹಾಗೆ. ಒಂದು ಮುಖವೂ ಉಳಿಯುವುದಿಲ್ಲ. ಪಟ್ಟಿಯ ತುದಿ ಹಿಡಿದು ನೋಡಿದೆ. ನಿಂಬೆಹಣ್ಣಿನ ಸೋಪಿನ ವಾಸನೆ ಬಂತು.

ಶಿಫ್ಟು ಮುಗಿಸಿ ಬಂದ ಸವಿತಾ ಬಾಗಿಲಲ್ಲೇ ನಿಂತು ನೋಡಿದಳು. ಅವಳಿಗೆ ಒಂದು ಕ್ಷಣದಲ್ಲಿ ತಿಳಿಯಿತು. “ಏನ್ ಮಾಡೀಯೇ ಇದು! ಡು ಯು ನೋ ವಾಟ್ ದಟ್ ವಾಸ್? ಅಜ್ಜಿ ಫೋಟೋ ಅವು, ಎಲ್ಲಾ!”

“ಶಿ ಸೆಡ್ ತೊಳೀಬೇಕು! ಶಿ ಸೆಡ್ ಇಟ್!” ಎಂದು ಮಾಯಾ ನನ್ನ ಕಡೆ ನೋಡಿದಳು.

ಹೌದು, ನಾನೇ ಹೇಳಿದ್ದೆ. ಹುಡುಗಿ ಒಂದೊಂದು ಕನ್ನಡ ಶಬ್ದವನ್ನು ಕಿವಿಗೊಟ್ಟು ಕೇಳಿ, ಅರ್ಥ ಮಾಡಿಕೊಂಡು, ಮಾಡಿದ್ದಳು. ತಪ್ಪು ಅವಳದಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಓಡಿ ಕೋಣೆಯ ಬಾಗಿಲು ಹಾಕಿಕೊಂಡಳು. ನನ್ನ ಬಾಯಿಗೆ ಮಾತು ಯಾವಾಗಲೂ ತಡವಾಗಿಯೇ ಬರುವುದು.

ಗಂಗಾನಿಗೆ ಹೇಗೆ ಹೇಳುವುದು? ಅವಳ ಕೋಣೆಗೆ ಹೋದರೆ ಅವಳು ಎಚ್ಚರವಾಗಿಯೇ ಇದ್ದಳು. ಎಲ್ಲ ಕೇಳಿತ್ತು.

“ಸೋಪು ಹಾಕಿ ತೊಳದ್ಲಂತ?”

“ಹೂಂ.”

“ಹುಣಸಿಹಣ್ಣು ಹಚ್ಚಬೇಕಿತ್ತು. ಹಿತ್ತಾಳಿ ಕೊಡದಂಗ ಲಕಲಕ ಆಗ್ತಿದ್ನಿ.” ನಕ್ಕಳು. ನಗುವುದಕ್ಕೂ ನೋವಾಗುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಮೇಲೆ ಗೋಡೆಯ ಕಡೆ ಹೊರಳಿದಳು. ಸ್ವಲ್ಪ ಹೊತ್ತು ಕಂಬಳಿ ಅಲುಗುತ್ತಿತ್ತು. ನಾನು ಅವಳ ಕಾಲು ಒತ್ತುತ್ತ ಕೂತೆ.

ಹಿತ್ತಲು

ಕ್ಲೈನ್‌ಬರ್ಗಿನ ಜ್ವರ ಇಳಿದರೂ ಗಂಗಾ ಮತ್ತೆ ಎದ್ದು ನಡೆಯಲಿಲ್ಲ. ಮಾಯಾ ಶಾಲೆಯಿಂದ ಬಂದು ನೇರ ತನ್ನ ಕೋಣೆಗೆ ಹೋಗುತ್ತಿದ್ದಳು. ಅಜ್ಜಿಯ ನೀರಿನ ಲೋಟ ಮುಟ್ಟಲೂ ಹೆದರುತ್ತಿದ್ದಳು. ಇನ್ನೊಂದು ರೋಲು ಪೆಟ್ಟಿಗೆಯಲ್ಲಿತ್ತು, ನಾನು ಅದರ ಮಾತೆತ್ತಲಿಲ್ಲ. ಈಗಿನ ಅವಳ ಮುಖ ಗೋಡೆಗೆ ಬೇಕೇ ಎಂದು ನನಗೇ ಅನ್ನಿಸುತ್ತಿತ್ತು. ಕಣ್ಣು ಮಾತ್ರ ಮೊದಲಿನ ಹಾಗೆಯೇ ಇದ್ದವು.

ಒಂದು ದಿನ ಬಿಸಿಲು ಬಿತ್ತು. ಗಂಗಾ ತಾನೇ ಹೇಳಿದಳು: “ಇವತ್ತ ಆಗಬೇಕು ಅಕ್ಕಾರ. ಇನ್ನ ಕಣ್ಣೂ ಹೋಗ್ತಾವು.”

ಹಿತ್ತಲಲ್ಲಿ ಕುರ್ಚಿ ಹಾಕಿದೆವು. ಸವಿತಾ ಎತ್ತಿಕೊಂಡು ಬಂದು ಕೂಡಿಸಿದಳು, ಅದೇ ಇಳಕಲ್ ಸೀರೆ ಸುತ್ತಿದಳು. ನಾನು ರೋಲು ಹಾಕಿ, ಬೆಳಕು ನೋಡಿ, ದೂರ ಸರಿಮಾಡಿ ನಿಂತೆ. ಕಿಂಡಿಯಲ್ಲಿ ನೋಡಿದರೆ ಗಂಗಾ ಒಂದು ಕಡೆಗೆ ಜಾರುತ್ತಿದ್ದಳು. ಸವಿತಾ ನೆಟ್ಟಗೆ ಮಾಡಿ ಪಕ್ಕಕ್ಕೆ ಸರಿದ ಕೂಡಲೇ ಮತ್ತೆ ಜಾರುವಳು. ದಿಂಬು ಇಟ್ಟೆವು, ನಿಲ್ಲಲಿಲ್ಲ.

“ಮಾಯಾನ ಕರೀರಿ,” ಎಂದಳು ಗಂಗಾ. “ಫೋಟೋ ಅಕಿ ತಗೀಲಿ. ನೀವು ಬಂದು ನನ್ನ ಹಿಡಕೊಳ್ರಿ.”

“ಸವಿತಾ ಹಿಡಕೊಳ್ಳಲಿ, ನಾ ತಗೀತೀನಿ.”

“ಸವಿತಾ ಹಿಡದ್ರ ಅಳ್ತಾಳ. ಫೋಟೋ ಅಲುಗ್ತದ. ನೀವ ಬರ್ರಿ.”

ಮಾಯಾ ಬಾಗಿಲಲ್ಲಿ ಬಂದು ನಿಂತಳು. “ನೋ ಅಜ್ಜಿ. ಐ ವಿಲ್ ರೂಯಿನ್ ಇಟ್.”

“ಒಮ್ಮೆ ತೊಳದೀಯಲ್ಲ, ಇನ್ನೇನ್ ಕೆಡಸ್ತಿ? ಬಾ ಇಲ್ಲಿ.”

ನಾನು ಅವಳ ಕೊರಳಿಗೆ ಕ್ಯಾಮೆರಾ ಹಾಕಿ, ಒತ್ತುವ ಗುಂಡಿ, ರೋಲು ಮುಂದೆ ಸರಿಸುವ ಕಡ್ಡಿ ತೋರಿಸಿದೆ. “ಉಸಿರು ಬಿಟ್ಟು ಒತ್ತಬೇಕು” ಎಂದೆ. ಅಜ್ಜ ಹೇಳುತ್ತಿದ್ದ ಮಾತು ಅದು, ನನ್ನ ಬಾಯಿಂದ ಎಂದಾದರೂ ಬಂದೀತು ಎಂದುಕೊಂಡಿರಲಿಲ್ಲ.

ಗಂಗಾನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳ ಬೆನ್ನ ಹಿಂದಿನಿಂದ ತೋಳು ಹಾಕಿ ಹೆಗಲು ಬಿಗಿಯಾಗಿ ಹಿಡಿದೆ. ಎಲುಬು ಕೈಗೆ ಸಿಗುತ್ತಿತ್ತು. ಫೋಟೋಕ್ಕೆ ನಾನು ಹೇಗಿದ್ದರೂ ಬೇಡದವಳು ಎಂದು ಎಂದಿನಂತೆ ತಲೆ ತಗ್ಗಿಸಿದೆ. ಎರಡು ಸಲ, ಮೂರು ಸಲ ಕ್ಲಕ್ ಎಂದಿತು. ಹುಲ್ಲಿನ ಮೇಲೆ ಒಂದು ಕರಿಯ ಅಳಿಲು ಏನನ್ನೋ ಹೂಳುತ್ತಿತ್ತು. ಅದನ್ನೇ ನೋಡುತ್ತಿದ್ದೆ.

ಆಗ ಕಿವಿಯ ಹತ್ತಿರ ಗಂಗಾನ ದನಿ. ಶಂಕ್ರಪ್ಪ ಅಣ್ಣನಿಂದ, ಅವನಿಂದ ಇವಳು ಕಲಿತಿದ್ದ ಅದೇ ರಾಗ:

“ಬೋರಮಾಳ ಕಾಣವಲ್ದು ನೋಡ್ರಿ ತಂಗಿ, ಮುಖಾ ಎತ್ರಿ.”

ಎರಡು ಬರಿಯ ಕೊರಳು. ಯಾವ ಬೋರಮಾಳ? ನಾನು ಸಟ್ಟನೆ ಮುಖ ಎತ್ತಿದೆ. ನಗು ಬಂತೋ ಅಳು ಬಂತೋ ನನಗೆ ಇಂದಿಗೂ ತಿಳಿಯದು.

ಕ್ಲಕ್.

ಬೇಸ್‌ಮೆಂಟು

ರೋಲು ತೊಳೆಯಲು ಮಾಯಾಳನ್ನೂ ಕರೆದುಕೊಂಡು ಹೋದೆ. ಬಾಗಿಲ ಸಂದಿಗೆಲ್ಲ ಕಂಬಳಿ ತುರುಕಿ ದೀಪ ಆರಿಸಿದೆವು. ಅವಳ ಕೈಯ ಮೇಲೆ ಕೈಯಿಟ್ಟು ಕತ್ತಲೆಯಲ್ಲೇ ರೋಲು ಬಿಚ್ಚಿ ಡಬ್ಬಿಯ ಸುರುಳಿಗೆ ಸೇರಿಸಿದೆ. ಕೈಗೆ ನೆನಪಿತ್ತು. ಡಬ್ಬಿ ಮುಚ್ಚಿ ದೀಪ ಹಚ್ಚಿ ಔಷಧ ಹಾಕಿದ ಮೇಲೆ ಹೊತ್ತು ಎಣಿಸಬೇಕು. ನಾನು ಅಜ್ಜನ ಹಾಗೆ ‘ಓಂ ನಮಃ ಶಿವಾಯ’ ಎಂದು ಎಣಿಸಿದೆ. ಅವಳು ತಮ್ಮ ನಗರದ ಹೆಸರು ಹಿಡಿದು “ಒನ್ ಮಿಸ್ಸಿಸಾಗಾ, ಟೂ ಮಿಸ್ಸಿಸಾಗಾ” ಎಂದು ಎಣಿಸಿದಳು. ಇಬ್ಬರ ಲೆಕ್ಕವೂ ಸರಿಹೋಯಿತು.

“ಸೋ ದಿಸ್ ಈಸ್ ತೊಳೆಯೋದು,” ಎಂದಳು.

“ಹೌದು ಕೂಸ. ಇದು ತೊಳಿಯೂದು. ಹೇಳದ್ದು ನನ್ನ ತಪ್ಪು, ನಿಂದಲ್ಲ.” ಅಷ್ಟು ದಿನ ತಡವಾಗಿ ಹೇಳಿದೆ. ಅವಳು ಡಬ್ಬಿ ಅಲುಗಿಸುತ್ತಲೇ ಇದ್ದಳು, ಮೂಗು ಎಳೆದುಕೊಂಡಳು.

ಒದ್ದೆಯ ಪಟ್ಟಿಯನ್ನು ಗಂಗಾನ ಕೋಣೆಗೆ ಒಯ್ದು ಕಿಟಕಿಗೆ ಹಿಡಿದೆವು. ಅದರಲ್ಲಿ ಬಿಳಿಯದು ಕರಿಯದಾಗಿ, ಕರಿಯದು ಬಿಳಿಯದಾಗಿ ಕಾಣುತ್ತದೆ. ಗಂಗಾ ಬಹಳ ಹೊತ್ತು ನೋಡಿದಳು.

“ಅಯ್ಯ, ನಮ್ಮಿಬ್ಬರ ಕೂದಲಾ ಕರ್ರಗ ಆಗ್ಯಾವಲ್ರಿ ಅಕ್ಕಾರ! ನಿಮ್ಮನಿಗೆ ಸೊಸಿಯಾಗಿ ಬಂದಾಗ ಹಿಂಗ ಇದ್ವಿ ನೋಡ್ರಿ.”

ಅವಳು ಕಂಡದ್ದು ಅಷ್ಟೇ. ದೊಡ್ಡ ಫೋಟೋ ಮಾಡುವ ಕಾಗದ ಹಳತಾಗಿ ಕೆಟ್ಟಿತ್ತು, ಅಂಗಡಿಗೆ ಕೊಡಬೇಕಾಯಿತು. ನಾನು ಇನ್ನೂ ಇರುತ್ತೇನೆ ಎಂದೆ. ಗಂಗಾ ಬೇಡ ಎಂದಳು. “ನೀವು ಹೋಗ್ರಿ. ಫೋಟೋದಾವರ ಹೆಣ್ತಿ ನೀವು, ಕಣ್ಣ ತೆರದದ್ದ ನೋಡಿ ಹೋಗ್ರಿ. ಮುಚ್ಚಿದ್ದು ಬ್ಯಾಡ.” ಹೊರಡುವಾಗ ಕ್ಯಾಮೆರಾವನ್ನು ತಾನೇ ನನ್ನ ಕೊರಳಿಗೆ ಹಾಕಿದಳು. ಅದಕ್ಕಾಗಿ ಅವಳು ಕೈ ಎತ್ತಿದ್ದು ಎಷ್ಟು ಕಷ್ಟಪಟ್ಟು ಎಂದು ನಾನು ನೋಡಿದೆ. ವಿಮಾನ ನಿಲ್ದಾಣದ ತನಕ ಅದನ್ನು ಕೊರಳಿಂದ ತೆಗೆಯಲಿಲ್ಲ.

ಗಜೇಂದ್ರಗಡ

ಅಲ್ಲಿ ಹಿಮ ಬೀಳಲು ಶುರುವಾದ ಮೇಲೆ ಗಂಗಾ ಹೋದಳು. ಆ ಸಂಜೆ ನಾನು ಹಿತ್ತಲಲ್ಲಿ ಕೂತಿದ್ದಾಗ ಯಾರ ಫೋನು ಬಂದಿತ್ತು ಎಂದು ನೀವು ಕೇಳಿದಿರಿ. ಅದು ಸವಿತಾಳದು.

ಕೆಲವು ದಿನ ಬಿಟ್ಟು ಅವಳು ಮತ್ತೆ ಮಾಡಿದಳು. ಗೋಡೆಗೆ ಫೋಟೋ ಆಗಬೇಕು. ಇಡೀ ರೋಲಿನಲ್ಲಿ ಗಂಗಾ ನಕ್ಕದ್ದು ಅದೊಂದರಲ್ಲೇ, ನಾನು ಮುಖ ಎತ್ತಿದ್ದರಲ್ಲಿ. ನನ್ನನ್ನು ಕತ್ತರಿಸಿ ಅವಳೊಬ್ಬಳದನ್ನೇ ದೊಡ್ಡದು ಮಾಡಿಸಬಹುದು. ಆದರೆ ಅವಳ ಹೆಗಲ ಮೇಲೆ ನನ್ನ ನಾಲ್ಕು ಬೆರಳು ಉಳಿಯುತ್ತವೆ.

“ಅಂಗಡಿಯವ ಕಂಪ್ಯೂಟರಿನಾಗ ಅಳಸಿ ಕೊಡ್ತೀನಿ ಅಂತಾನ ದೊಡ್ಡವ್ವಾ. ಜೀವಂತ ಇದ್ದವರ ಕೈ ಹಾರದ ಕೆಳಗ ಇರಬಾರದಲ್ರಿ.”

ಪಕ್ಕದಲ್ಲಿದ್ದ ನಿಮ್ಮಪ್ಪನೂ “ಅಪಶಕುನ ಯವ್ವಾ, ಅಳಸಲಿ” ಎಂದ. ಆಗ ಆ ಕಡೆ ಫೋನು ಕೈ ಬದಲಾಯಿತು. ಮಾಯಾ ಒಂದೊಂದೇ ಶಬ್ದ ಹುಡುಕಿ ಹುಡುಕಿ ಹೇಳಿದಳು. ಒಂದೂ ಇಂಗ್ಲಿಷು ಇರಲಿಲ್ಲ.

“ದೊಡ್ಡಜ್ಜಿ, ನಿನ್ನ ಕೈ ತಗದ್ರ ಅಜ್ಜಿ ಬೀಳ್ತಾಳ.”

“ಇರಲಿ,” ಎಂದೆ. “ಅಳಸಬ್ಯಾಡ್ರಿ, ಇರಲಿ.” ನಿಮ್ಮಪ್ಪ ನನ್ನನ್ನು ತಿರುಗಿ ನೋಡಿದ. ನಾನು ಅಷ್ಟು ಜೋರಾಗಿ ಮಾತಾಡಿದ್ದು ಅವನು ಕೇಳಿರಲಿಕ್ಕಿಲ್ಲ.

ಆ ಫೋಟೋ ಈಗ ಅಲ್ಲಿ ಲೈಸೆನ್ಸಿನ ಶಂಕ್ರಪ್ಪನ ಪಕ್ಕದಲ್ಲಿದೆ. ಉಳಿದ ಅರ್ಧವನ್ನು ಮಾಯಾ ದೊಡ್ಡದು ಮಾಡಿಸಿ ನನಗೆ ಕಳಿಸಿದ್ದಾಳೆ. ನನ್ನ ಟ್ರಂಕಿನಲ್ಲಿ, ಕ್ಯಾಮೆರಾದ ಕೆಳಗೆ, ಬಿಳಿ ವಸ್ತ್ರದಲ್ಲಿ ಸುತ್ತಿಟ್ಟಿದ್ದೇನೆ. ಕ್ಯಾಮೆರಾ ನಿಮ್ಮಿಬ್ಬರದು. ಬೇಕಾದಾಗ ಕೇಳಿರಿ, ತೊಳೆಯುವುದು ಎಂದರೇನು ಎಂದು ಮೊದಲು ಕಲಿಸಿ ಆಮೇಲೆ ಕೊಡುತ್ತೇನೆ.

ಫೋಟೋ ಮಾತ್ರ ಈಗಲೇ ಬಿಚ್ಚಬೇಡಿರಿ. ನಾನು ಗೋಡೆ ಏರುವ ದಿನ ಬಿಚ್ಚಿರಿ. ನನ್ನ ಮುಖ ನೆಟ್ಟಗೆ ಕಾಣುವ ಫೋಟೋ ಅದೊಂದೇ. ಅದರಲ್ಲಿ ನನ್ನ ಬಲದೋಳು ಚೌಕಟ್ಟಿನ ಅಂಚಿನ ತನಕ ಹೋಗಿ ನಿಂತುಬಿಡುತ್ತದೆ. ಬಂದವರು ಕೈ ಎಲ್ಲಿ ಎಂದು ಕೇಳಿದರೆ, ಗಂಗಾನನ್ನು ಹಿಡಿದುಕೊಂಡು ಸ್ಟ್ರೀಟ್ಸ್‌ವಿಲ್‌ನಲ್ಲಿದೆ ಎಂದು ಹೇಳಿರಿ.